ಹಾವಿಗಾಗಿ ಜರಡಿ ಹಿಡಿದ ಹೊಟ್ಟು

ನಂಬುವುದು ನನ್ನ ಕೆಲಸವಲ್ಲ. ನಂಬದೆ ಇರುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಮಸ್ಕತ್ತಿನ ಒಂದು ಕಟ್ಟಡ ಕಂಪನಿಯಲ್ಲಿ ನಾನು ಸೇಫ್ಟಿ ಆಫೀಸರ್. ಹೆಸರು ರಾಜಗೋಪಾಲ, ಊರು ಮೈಸೂರು, ಈಗ ಮನೆ ಅಲ್ ಗುಬ್ರಾದಲ್ಲಿ. ಏಣಿ ಗಟ್ಟಿಯಾಗಿದೆ ಅಂತ ಯಾರಾದರೂ ಹೇಳಿದರೆ ಅಲುಗಾಡಿಸಿ ನೋಡುತ್ತೇನೆ. ಬೆಂಕಿ ಆರಿಸುವ ಸಿಲಿಂಡರ್ ತುಂಬಿದೆ ಅಂದರೆ ಎತ್ತಿ ತೂಗುತ್ತೇನೆ. ಮನೆಯಲ್ಲೂ ಇದೇ ಬುದ್ಧಿ. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖನ್ನು ಅಂಗಡಿಯಲ್ಲೊಮ್ಮೆ ಓದಿ, ಲಿಫ್ಟಿನಲ್ಲಿ ಇನ್ನೊಮ್ಮೆ ಓದುತ್ತೇನೆ. ನನ್ನ ಹೆಂಡತಿ ಲಲಿತಾ ಇದಕ್ಕೆಲ್ಲ ಒಂದೇ ಗಾದೆ ಇಟ್ಟುಕೊಂಡಿದ್ದಾಳೆ: "ತಾನು ಕಳ್ಳ, ಪರರ ನಂಬ." ಹೇಳಿಕೊಳ್ಳಲಿ. ನನ್ನ ಸೈಟುಗಳಲ್ಲಿ ಇವತ್ತಿನವರೆಗೆ ಒಬ್ಬನೂ ಬಿದ್ದು ಸತ್ತಿಲ್ಲ, ಆ ಜಂಬ ನನಗೆ ಇತ್ತು.

ಆದರೆ ನಾನು ಬರೆಯಲು ಕೂತದ್ದು ಕೊಗ್ಗ ಆಚಾರಿಯವರ ಬಗ್ಗೆ. ಕಾರ್ಕಳದ ಹತ್ತಿರದವರು, ಮನೆಮಾತು ತುಳು, ವೃತ್ತಿ ಬಡಗಿ. ಇಪ್ಪತ್ತನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದು, ಘಾಲಾದಲ್ಲಿರುವ ನಮ್ಮ ಕಂಪನಿಯ ಮರಗೆಲಸದ ಶೆಡ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದವರು. ಒಂದು ಬಾಗಿಲು ಕೂರಿಸಿದರೆ ಮೂರು ಸಲ ಹಾಕಿ ತೆಗೆದು, ಕಿವಿಯಿಟ್ಟು ಕೇಳಿ, ಸದ್ದಿಲ್ಲವೆಂದು ಖಾತ್ರಿಯಾದ ಮೇಲೆಯೇ ವ್ಯಾನು ಹತ್ತುತ್ತಿದ್ದರು. ಸಂಶಯದಲ್ಲಿ ಅವರು ನನ್ನ ಅಣ್ಣನೇ ಸರಿ. ಇನ್ನೊಬ್ಬರ ಟೇಪಿನಿಂದ ಅಳೆದ ಅಳತೆಗೆ ಮರ ಕೊಯ್ಯುತ್ತಿರಲಿಲ್ಲ. ಎಂಜಿನಿಯರು ಕಾಗದದಲ್ಲಿ ಬರೆದು ಕೊಟ್ಟರೂ ತಾವೇ ಸೈಟಿಗೆ ಹೋಗಿ ಇನ್ನೊಮ್ಮೆ ಅಳೆಯುತ್ತಿದ್ದರು. ಮಗಳು ದೀಕ್ಷಿತಾ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ದಿನಾ ಸಂಜೆ ಹಾಸ್ಟೆಲ್ ಗೇಟಿನ ಫೋಟೋ ತೆಗೆದು ಕಳಿಸಬೇಕು, ಬರೀ "ತಲುಪಿದೆ ಅಪ್ಪ" ಎಂದರೆ ಅವರು ಒಪ್ಪುವುದಿಲ್ಲ. ಊರಿನಲ್ಲಿ ಹೆಂಡತಿ ಅಪ್ಪಿ ಈ ಇಬ್ಬರ ನಡುವೆ ಫೋನು ಹಿಡಿದು ಸುಸ್ತಾಗುತ್ತಿದ್ದರಂತೆ.

ಆಗ ನನಗೆ ಗೊತ್ತಿಲ್ಲದ, ಈಗ ಗೊತ್ತಿರುವ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಚಾರಿಯವರಿಗೆ ಕೆಮ್ಮು ಇತ್ತು. ನೆಗಡಿಯ ಕೆಮ್ಮಲ್ಲ, ಎದೆಯ ಆಳದಿಂದ ಬರುವ ಒಣ ಕೆಮ್ಮು. ಎರಡು ತಿಂಗಳಲ್ಲಿ ಅವರ ವೀಸಾ ನವೀಕರಣ, ಅದಕ್ಕೆ ಮೊದಲು ಕಂಪನಿಯ ವೈದ್ಯರ ತಪಾಸಣೆ. ದೀಕ್ಷಿತಾಳ ಓದು ಮುಗಿಯಲು ಇನ್ನೂ ಒಂದೂವರೆ ವರ್ಷ ಬೇಕಿತ್ತು. ಅದೊಂದು ನವೀಕರಣ ದಾಟಿದರೆ ಸಾಕು, ಆಮೇಲೆ ಖಲಾಸ್, ಊರಿಗೆ ಹೋಗಿ ಕೂರುತ್ತೇನೆ ಎಂದು ಅವರ ಲೆಕ್ಕ. ಹಾಗಾಗಿ ಕೆಮ್ಮನ್ನು ಅವರು ಬಚ್ಚಿಟ್ಟಿದ್ದರು. ಕೆಮ್ಮು ಬಂದರೆ ಶೆಡ್ಡಿನ ಹಿಂದಕ್ಕೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ, ಆ ಸದ್ದಿನಲ್ಲಿ ಕೆಮ್ಮಿ, ಬಾಯಿ ಒರೆಸಿಕೊಂಡು ಬರುತ್ತಿದ್ದರು.

ಇಂಥ ಮನುಷ್ಯನ ಮುಂದೆ ನಾನು ಹೋಗಿ ನಿಂತದ್ದು ಹಾವಿನ ನೆಪದಲ್ಲಿ. ನೆಪವಲ್ಲ, ನಿಜವಾಗಿಯೂ ಹಾವಿಗಾಗಿಯೇ. ಅದೇ ಈ ಕತೆಯ ತೊಂದರೆ.

ನನ್ನ ಮಗಳು ಅನು ಒಂಬತ್ತನೇ ಕ್ಲಾಸು. ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ಅವಳಿಗೆ ಪಿಯಾನೋ ಕಲಿಸುತ್ತಿದ್ದ ಇವ್ಲಿನ್ ಎಂಬಾಕೆ ಕೆನಡಾಕ್ಕೆ ಹೊರಟಾಗ, ತಾನು ಸಾಕಿದ ಹಾವನ್ನು ಗಾಜಿನ ಪೆಟ್ಟಿಗೆಯ ಸಮೇತ ಅನುವಿಗೆ ಕೊಟ್ಟುಹೋದಳು. ಒಂದೂವರೆ ಅಡಿ ಉದ್ದ, ಹೆಬ್ಬೆರಳಿನ ದಪ್ಪ, ಕಿತ್ತಳೆ ಮೈಮೇಲೆ ಕಂದು ಮಚ್ಚೆ. ಆಫ್ರಿಕಾದ ಜಾತಿಯಂತೆ, ಆದರೆ ನಮ್ಮೂರಿನ ಮಣ್ಣುಮುಕ್ಕನ ಸಂಬಂಧಿಯೇ. ಇಡೀ ದಿನ ಮರಳಿನೊಳಗೆ ಹುದುಗಿಕೊಂಡು ಮೂಗಿನ ತುದಿ ಮಾತ್ರ ಹೊರಗಿಡುವ ಪ್ರಾಣಿ. ಊರಿನಲ್ಲಿ ಅದೇ ಮಣ್ಣುಮುಕ್ಕನನ್ನು ಎರಡು ತಲೆ ಹಾವೆಂದು ಸಾಗಿಸಿ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಓದಿದವನು ನಾನು, ಕೊಂಡ ಕಾಗದ ತೋರಿಸದೆ ಒಳಗೆ ಬಿಡುವುದಿಲ್ಲ ಎಂದೆ. ಇವ್ಲಿನ್ ಕಾಗದ ತೋರಿಸಿದಳು. ಅದು ಏನು ತಿನ್ನುತ್ತದೆ, ಆ ತಿನಿಸನ್ನು ನಮ್ಮ ಮನೆಯಲ್ಲಿ ಎಲ್ಲಿ ಇಡುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮತ್ತೆ ಇದನ್ನು ಓದಬಹುದು.

ಪೆಟ್ಟಿಗೆಯೊಳಗಿನ ಹಳೆಯ ಹಾಸು ಬೂಷ್ಟು ಹಿಡಿದಿತ್ತು, ಬದಲಿಸಬೇಕಿತ್ತು. ಅಲ್ಲಿಂದ ನನ್ನ ತಪಾಸಣೆ ಶುರುವಾಯಿತು. ಅಂಗಡಿಯವನು ಕೆಂಪು ಬಣ್ಣದ ಮರಳಿನ ಪ್ಯಾಕೆಟ್ ಕೊಟ್ಟು, ಹಾವು ಇದನ್ನು ನುಂಗಿದರೂ ಕರಗಿಹೋಗುತ್ತದೆ ಎಂದ. ಕರಗುತ್ತದೆಯೋ ನೋಡೋಣ ಎಂದು ಒಂದು ಲೋಟ ನೀರಿಗೆ ಎರಡು ಚಮಚ ಹಾಕಿಟ್ಟೆ. ಬೆಳಗ್ಗೆ ನೋಡಿದರೆ ಸಿಮೆಂಟಿನ ಹಾಗೆ ಗಟ್ಟಿಯಾಗಿ ಲೋಟವೇ ಹಾಳಾಗಿತ್ತು. ಹಾವಿನ ಹೊಟ್ಟೆಯಲ್ಲಿ ಹೀಗೆ ಆಗಿದ್ದರೆ ಗತಿಯೇನು? ಪ್ಯಾಕೆಟ್ ವಾಪಸ್. ಆಮೇಲೆ ಬಿದಿಯಾ ಕಡೆ ಮರಳುಗುಡ್ಡ ನೋಡಲು ಹೋದಾಗ ಒಂದು ಬಕೆಟ್ ಮರಳು ತುಂಬಿಕೊಂಡು ಬಂದೆ. ಅದರಲ್ಲಿ ಆಡಿನ ಹಿಕ್ಕೆ, ಗಾಜಿನ ಚೂರು, ಮುಟ್ಟಿದರೆ ಹಿಟ್ಟಿನಂತೆ ಏಳುವ ಧೂಳು. ಅದೂ ರಿಜೆಕ್ಟ್.

ಕೊನೆಗೆ ಅನು ಇವ್ಲಿನ್ ಬಿಟ್ಟುಹೋದ ಪುಸ್ತಕ ತೆಗೆದು ಓದಿದಳು. ಕೀಸಿದ ಮರದ ಹೊಟ್ಟು ಒಳ್ಳೆಯದು. ಅಂಟು, ಪರಿಮಳ ಇಲ್ಲದ ಮರವಾಗಬೇಕು. ಧೂಳು ಇರಲೇಬಾರದು.

"ಅಪ್ಪ, ಇಟ್ ಲಿವ್ಸ್ ಬರೀಡ್ ಇನ್‌ಸೈಡ್," ಎಂದಳು. "ಇಡೀ ದಿನ ಅದನ್ನೇ ಬ್ರೀದ್ ಮಾಡುತ್ತೆ."

ನಾನು ಮೈಸೂರಿನವನು. ಗಂಧ, ಅಗರು, ದೇವದಾರು ಅಂತ ಕೇಳಿಕೊಂಡೇ ಬೆಳೆದವನು. ಪರಿಮಳ ಬೇಡ ಎಂಬುದು ಇಂಗ್ಲಿಷಿನವರ ಹುಚ್ಚು ಅಂದುಕೊಂಡೆ. ದೇವದಾರು ಹೊಟ್ಟು ಹಾಕಿದರೆ ಹುಳ ಬರುವುದಿಲ್ಲ, ಮನೆಗೂ ಶುಭ ಎಂದು ಲಲಿತಾಳೂ ತಲೆಯಾಡಿಸಿದಳು. ಮರುದಿನವೇ ಘಾಲಾಕ್ಕೆ ಹೋದೆ.

ಆ ಶೆಡ್ಡಿಗೆ ನಾನು ಹೋಗುತ್ತಿದ್ದದ್ದು ಆರು ತಿಂಗಳಿಗೊಮ್ಮೆ. ಒಂದು ವಾರ ಮೊದಲೇ ಇಮೇಲ್ ಕಳಿಸಿ, ಹೇಳಿದ ದಿನ ಹೋಗಿ, ಬಾಗಿಲಲ್ಲಿ ನಿಂತು, ಪಟ್ಟಿಯಲ್ಲಿ ಗುರುತು ಹಾಕಿ ಬರುವುದು. ಧೂಳು ಎಳೆದುಕೊಳ್ಳುವ ದೊಡ್ಡ ಯಂತ್ರ ಗುಂಯ್ ಅನ್ನುತ್ತಿರುತ್ತಿತ್ತು. "ಚಾಲನೆಯಲ್ಲಿದೆ" ಎಂಬ ಜಾಗದಲ್ಲಿ ಏಳು ವರ್ಷ ಸಹಿ ಹಾಕಿದ್ದೇನೆ. ಅವತ್ತು ಇಮೇಲ್ ಇಲ್ಲದೆ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಪಟ್ಟಿಯಿಲ್ಲದೆ ಹೋದೆ. ಯಂತ್ರಗಳೆಲ್ಲ ನಿಂತಿದ್ದವು. ಫೋರ್‌ಮನ್ ಶರ್ಫುದ್ದೀನ್ ಊಟದ ಡಬ್ಬಿ ಕೆಳಗಿಟ್ಟು ಎದ್ದು ನಿಂತ. ಆಚಾರಿಯವರು ಮಾತ್ರ ಕೂತಲ್ಲಿಂದಲೇ ನನ್ನ ಕೈ ನೋಡಿದರು, ಪೆನ್ನು ಇದೆಯೋ ಇಲ್ಲವೋ ಎಂದು.

"ಆಚಾರ್ರೇ, ಸ್ವಲ್ಪ ದೇವದಾರು ಹೊಟ್ಟು ಬೇಕಿತ್ತು."

"ಎಂತಕ್ಕೆ ಸಾರ್?"

"ಹಾವಿಗೆ. ಮಗಳು ಸಾಕಿದ್ದಾಳೆ, ಮಣ್ಣುಮುಕ್ಕ. ಅದರ ಕೆಳಗೆ ಹಾಸೋಕೆ."

ಅವರು ನಗಲಿಲ್ಲ. ಸುತ್ತ ಇದ್ದವರೂ ನಗಲಿಲ್ಲ. ಆಚಾರಿಯವರು ಶರ್ಫುದ್ದೀನನ ಮುಖ ನೋಡಿದರು, ಅವನು ಗೋಡೆ ನೋಡಿದ.

"ದೇವದಾರು ಬೇಡ," ಎಂದರು ಆಮೇಲೆ. "ಪೈನೂ ಬೇಡ, ಅದರಲ್ಲಿ ಅಂಟು ಉಂಟು. ಪರಿಮಳದ ಮರ ಎದೆಗೆ ಹಿಡಿಯುತ್ತದೆ."

"ನಿಮಗೆ ಹೇಗೆ ಗೊತ್ತು?"

"ಕೇಳಿ ಗೊತ್ತು ಸಾರ್."

ಇಷ್ಟು ಹೇಳಿ, ಸರಕ್ಕನೆ ಎದ್ದು ಶೆಡ್ಡಿನ ಹಿಂದೆ ಹೋದರು. ನಲ್ಲಿಯ ನೀರು ಬೀಳುವ ಸದ್ದು ಕೇಳಿಸಿತು. ಬಾಯಿ ಒರೆಸಿಕೊಳ್ಳುತ್ತ ಬಂದಾಗ ಕಣ್ಣು ಕೆಂಪಾಗಿತ್ತು. ಕುಡಿಯುತ್ತಾನೋ ಏನೋ ಎಂದು ನನ್ನ ತಲೆ ಓಡಿತು. ಗರಗಸದ ಮುಂದೆ ಕೆಲಸ ಮಾಡುವವನು ಕುಡಿದರೆ ಬೆರಳು ಹೋಗುತ್ತದೆ ಎಂದೂ ಓಡಿತು. ನೋಡಿ, ಸೇಫ್ಟಿ ಆಫೀಸರನ ತಲೆ ಹೇಗೆ ಓಡುತ್ತದೆ!

ಎರಡು ದಿನದಲ್ಲಿ ಒಂದು ಚೀಲ ಪೋಪ್ಲರ್ ಎಂಬ, ಅಂಟೂ ಪರಿಮಳವೂ ಇಲ್ಲದ ಮರದ ಹೊಟ್ಟು ಕಳಿಸಿದರು. ನಾನು ಬಿಳಿ ಕಾಗದದ ಮೇಲೆ ಕೊಡವಿ ನೋಡಿದೆ, ತೆಳ್ಳಗೆ ಧೂಳು ಕೂತಿತು. ಪೈನ್ ಬೆರೆಸಿ ಕೊಟ್ಟಿರಬಹುದೇ ಎಂದೂ ಅನುಮಾನವಾಯಿತು. ಚೀಲ ವಾಪಸ್ ಹೊತ್ತುಕೊಂಡು ಹೋಗಿ, ಅವರ ಕಾಲಬುಡದಲ್ಲಿಟ್ಟು ಹೇಳಿದೆ: "ಇದು ಆಗಲ್ಲ ಆಚಾರ್ರೇ. ಧೂಳಿದೆ. ಆ ಜೀವಕ್ಕೆ ಒಳಗೆ ಹೋದರೆ ಕಷ್ಟ."

ಆ ಮಾತು ಹೇಳಿದಾಗ ಅವರು ನನ್ನನ್ನು ನೋಡಿದ ರೀತಿಯನ್ನು ಸೊಕ್ಕು ಅಂದುಕೊಂಡೆ. ಜರಡಿ ತೆಗೆದುಕೊಂಡು ಅಂಗಳಕ್ಕೆ ಹೋದರು. ಮೋಸವಾಗದಿರಲಿ ಎಂದು ನಾನೂ ಹಿಂದೆಯೇ ಹೋದೆ. ಒಂದು ಸಲ ಜರಡಿ ಹಿಡಿದರು, ಕಾಗದದ ಮೇಲೆ ಕೊಡವಿ ತೋರಿಸಿದರು. ಇನ್ನೊಮ್ಮೆ ಹಿಡಿಯಿರಿ ಎಂದೆ. ಮೂರನೆಯ ಸಲವೂ ಹಿಡಿದರು. ಅವರ ಮುಖದ ಸುತ್ತ ಪುಡಿ ಮೋಡದಂತೆ ಎದ್ದಿತ್ತು, ಹುಬ್ಬು ಬೆಳ್ಳಗಾಗಿತ್ತು. ನಾನು ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಗಾಳಿ ಬರುವ ಕಡೆಗೆ ಸರಿದು ನಿಂತಿದ್ದೆ. ಮೂರನೆಯ ಕಾಗದ ಸ್ವಚ್ಛವಾಗಿತ್ತು, ನನಗೆ ತೃಪ್ತಿಯಾಯಿತು.

ಆ ವಾರ ಶರ್ಫುದ್ದೀನ್ ಆಫೀಸಿಗೆ ಬಂದವನು ನನ್ನ ಮೇಜಿನ ಮುಂದೆ ನಿಂತ.

"ಸಾರ್, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಮನೆಯಲ್ಲಿ ಹಾವು ನಿಜವಾಗಿ ಉಂಟಾ?"

"ಯಾಕಪ್ಪ?"

"ಆಚಾರ್ರು ಎಲ್ಲರ ಹತ್ರ ಕೇಳ್ತಾ ಇದ್ದಾರೆ. ಸಾರ್ ಮೈಸೂರಿನ ಭಟ್ರಲ್ವಾ, ಅವರ ಮನೆಯಲ್ಲಿ ಹಾವು ಸಾಕ್ತಾರಾ, ಇದು ಏನೋ ಚೆಕಿಂಗ್ ಅಂತ."

ನನಗೆ ಸಿಟ್ಟು ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂಬುದು ಖಾತ್ರಿಯಾಯಿತು. ಶುಕ್ರವಾರ ಮನೆಗೆ ಬಂದು ಕಣ್ಣಾರೆ ನೋಡಲು ಹೇಳು ಎಂದೆ.

ಶುಕ್ರವಾರ ಹತ್ತು ಗಂಟೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಇನ್ನೊಂದು ಚೀಲ ಹೊಟ್ಟು. ಒಳಗೆ ಬರುವ ಮೊದಲು ಕೈಕಾಲು ತೊಳೆಯಲು ನೀರು ಕೇಳಿದರು. ಲಲಿತಾ ಕಾಫಿ ಕೊಡಲು ಹೋದರೆ, ನೋಡಿ ಆದ ಮೇಲೆ ಕುಡಿಯುತ್ತೇನೆ ಎಂದರು.

"ನಿನ್ನೆಯಿಂದ ಮೀನು ತಿನ್ನಲಿಲ್ಲ ಅಮ್ಮ. ಇವತ್ತು ಕ್ಯಾಂಪಿನಲ್ಲಿ ಬಂಗುಡೆ, ಬಿಟ್ಟು ಬಂದೆ. ಇದು ನಾಗ ಅಲ್ಲ, ಗೊತ್ತುಂಟು. ಆದ್ರೂ ಹಾವು ಹಾವೇ. ಇದ್ದರೆ ನಮಸ್ಕಾರ ಮಾಡ್ಲಿಕ್ಕೆ, ಇಲ್ಲದಿದ್ದರೆ ನಷ್ಟ ಎಂತ ಇಲ್ಲ."

ಇಲ್ಲದಿದ್ದರೆ! ನನ್ನ ಮನೆಯ ಹೊಸಿಲಲ್ಲಿ ನಿಂತು ನನ್ನನ್ನೇ ಪರೀಕ್ಷಿಸುತ್ತಿದ್ದರು ಪುಣ್ಯಾತ್ಮ.

ಅನು ಪೆಟ್ಟಿಗೆಯೊಳಗೆ ಕೈಹಾಕಿ ಹೊಟ್ಟು ಸರಿಸಿದಳು. ಹಾವು ಮೆಲ್ಲಗೆ ಹೊರಳಿ ಇನ್ನೊಂದು ಕಡೆ ತೂರಿಕೊಂಡಿತು. ಆಚಾರಿಯವರು ಕೈಮುಗಿದರು. ಅಷ್ಟು ದಿನದಿಂದ ಬಿಗಿಯಾಗಿದ್ದ ಅವರ ಮುಖ ಸಡಿಲಾದದ್ದು ನನಗೆ ಕಾಣಿಸಿತು. "ಉಂಟು ಮಾರಾಯ್ರೆ," ಎಂದು ತಮಗೆ ತಾವೇ ಹೇಳಿಕೊಂಡು ನೆಲದಲ್ಲೇ ಕೂತರು. ಹಾಸು ಎಷ್ಟು ದಪ್ಪ ಇರಬೇಕು, ಬಿಸಿ ಎಲ್ಲಿಂದ ಎಂದು ಕೇಳತೊಡಗಿದರು. ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಒಂದು ಪಟ್ಟಿ ಹೊಡೆದು ಕೊಡುತ್ತೇನೆ ಎಂದರು. ಅನುವಿಗೆ ಖುಷಿಯೋ ಖುಷಿ. ಪುಸ್ತಕ ತಂದು ಒಂದೊಂದೇ ಸಾಲು ಓದಿ, ಬಂದ ಕನ್ನಡದಲ್ಲಿ ಅವರಿಗೆ ವಿವರಿಸಿದಳು.

"ಅಂಕಲ್, ಧೂಳು ಇದ್ರೆ, ಸ್ಮೆಲ್ ಇರೋ ಮರ ಆದ್ರೆ ಅದರ ಲಂಗ್ಸ್ ಹಾಳಾಗುತ್ತೆ. ಹೇಗೆ ಗೊತ್ತಾಗುತ್ತೆ ಅಂದ್ರೆ, ಬಾಯಿ ತೆಗೆದು ಉಸಿರಾಡುತ್ತೆ. ಉಸಿರಾಡುವಾಗ ಸಣ್ಣ ವಿಸಿಲ್ ಥರ ಸೌಂಡ್ ಬರುತ್ತೆ."

ಕೋಣೆಯಲ್ಲಿ ಎಸಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವಳು ಓದುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಅಂಕಲ್, ನಿಮಗೂ ಬರ್ತಿದೆ."

ಆಗ ನನಗೂ ಕೇಳಿಸಿತು. ಮೂರನೇ ಮಹಡಿಗೆ ಲಿಫ್ಟಿನಲ್ಲಿ ಬಂದು, ಹತ್ತು ನಿಮಿಷ ನೆಲದ ಮೇಲೆ ಕೂತ ಮನುಷ್ಯನ ಎದೆಯೊಳಗೆ ಸೀಟಿ ಊದಿದಂತೆ ಸಣ್ಣ ಸದ್ದು. ಅವರು ಉಸಿರು ಬಿಗಿಹಿಡಿದು ನಿಲ್ಲಿಸಲು ನೋಡಿದರು. ಅದು ಕೆಮ್ಮಾಗಿ ಒಡೆಯಿತು. ನಮ್ಮ ಮನೆಯಲ್ಲಿ ತಿರುಗಿಸಲು ನಲ್ಲಿ ಹತ್ತಿರವಿರಲಿಲ್ಲ. ಲಲಿತಾ ನೀರು ತರುವಷ್ಟರಲ್ಲಿ ಅವರು ಬೆನ್ನು ಬಾಗಿ, ಕಣ್ಣಲ್ಲಿ ನೀರು ಬಂದು, ಗೋಡೆ ಹಿಡಿದು ಎದ್ದು ನಿಂತಿದ್ದರು.

"ಈಗ ಗೊತ್ತಾಯ್ತು," ಎಂದರು ನನ್ನ ಕಡೆ ತಿರುಗಿ. "ಇದಕ್ಕೇ ಕರೆಸಿದ್ದು ಅಲ್ವಾ ಸಾರ್? ಮೂರು ಸಲ ಜರಡಿ ಹಿಡಿಸಿದ್ದೂ ಇದಕ್ಕೇ. ಹಾವು ಇಟ್ಟುಕೊಂಡು ನನ್ನನ್ನು ಚೆಕ್ ಮಾಡಿದ್ರಿ."

"ಇಲ್ಲ ಆಚಾರ್ರೇ, ಖಂಡಿತಾ ಇಲ್ಲ."

"ನನಗೆ ಒಂದೂವರೆ ವರ್ಷ ಬೇಕು ಸಾರ್. ಮಗಳದ್ದು ಮುಗಿಯುವವರೆಗೆ. ಬರೆಯಬೇಡಿ."

ಕಾಫಿ ಕುಡಿಯದೆ ಹೋದರು. ಅನು ಅತ್ತಳು. ನಾನು ಬೈಯಲಿಲ್ಲ, ಅವಳು ಓದಿದ್ದು ಸರಿಯಾಗಿಯೇ ಇತ್ತು.

ಭಾನುವಾರ ಬೆಳಗ್ಗೆ ಇಮೇಲ್ ಕಳಿಸದೆ, ಕೆಲಸ ನಡೆಯುವ ಹೊತ್ತಿಗೇ ಘಾಲಾಕ್ಕೆ ಹೋದೆ. ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಹೋದೆ. ಗರಗಸ ಓಡುತ್ತಿತ್ತು. ಧೂಳು ಎಳೆಯುವ ಯಂತ್ರ ನಿಂತಿತ್ತು, ಅದರ ಮೇಲೆ ಯಾರದೋ ಅಂಗಿ ಒಣಗಲು ಹಾಕಿತ್ತು. ಶರ್ಫುದ್ದೀನ್ ಓಡಿಬಂದ. ಗರಗಸದ ಜೊತೆ ಅದನ್ನೂ ಹಾಕಿದರೆ ಕರೆಂಟು ಟ್ರಿಪ್ ಆಗುತ್ತದಂತೆ. ನಾನು ಬರುವ ದಿನ ಗರಗಸ ನಿಲ್ಲಿಸಿ ಅದನ್ನು ಹಾಕುತ್ತಾರಂತೆ. ಎಷ್ಟು ವರ್ಷದಿಂದ ಎಂದು ಕೇಳಿದೆ. ನೀವು ಬರುವುದಕ್ಕೂ ಮೊದಲಿಂದ ಎಂದ. ಅಲ್ಲೇ ಇಪ್ಪತ್ತು ನಿಮಿಷ ನಿಂತೆ. ಹೊರಗೆ ಬಂದು ಉಗುಳಿದಾಗ ಎಂಜಲು ಕಂದು ಬಣ್ಣಕ್ಕಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಾಲಿನ ಪ್ಯಾಕೆಟ್ಟನ್ನು ಎರಡು ಸಲ ಓದುವವನು, ಗುಂಯ್ ಎನ್ನುವ ಸದ್ದನ್ನು ಏಳು ವರ್ಷ ನಂಬಿದ್ದೆ.

ಬರೆಯಬೇಡಿ ಎಂದಿದ್ದರು. ಬರೆದರೆ ಅವರು ಊರಿಗೆ, ಬರೆಯದಿದ್ದರೆ ಒಂಬತ್ತು ಜನ ಅದೇ ಧೂಳಿನಲ್ಲಿ. ಕೊನೆಗೆ ಯಂತ್ರದ ಬಗ್ಗೆ ಬರೆದೆ, ನನ್ನ ಹದಿನಾಲ್ಕು ಸಹಿಗಳ ಬಗ್ಗೆ ಬರೆದೆ, ಮನುಷ್ಯರ ಹೆಸರು ಬರೆಯಲಿಲ್ಲ. ಜಾಣತನ ಮಾಡಿದೆ ಅಂದುಕೊಂಡಿದ್ದೆ. ಆದರೆ ಅಂಥ ವರದಿ ಹೋದರೆ ಆ ಶೆಡ್ಡಿನ ಎಲ್ಲರ ಎದೆಯನ್ನೂ ಪರೀಕ್ಷಿಸಬೇಕೆಂಬುದು ಕಂಪನಿಯ ನಿಯಮ. ಆ ನಿಯಮವನ್ನು ಬರೆದವನೂ ನಾನೇ. ಶೆಡ್ಡಿಗೆ ಹೊಸ ವೈರಿಂಗ್ ಬಂತು, ಯಂತ್ರ ಓಡತೊಡಗಿತು, ಎಲ್ಲರಿಗೂ ಮಾಸ್ಕ್ ಬಂತು. ಆಚಾರಿಯವರ ತಪಾಸಣೆಯ ಕಾಗದದಲ್ಲಿ ಮರದ ಧೂಳಿನ ಕೆಲಸಕ್ಕೆ ಅನರ್ಹ ಎಂದು ಬಂತು. ಸ್ಟೋರಿನಲ್ಲಿ ಕೂರಿಸಿ ಎಂದು ಮ್ಯಾನೇಜರನ ಮುಂದೆ ಮೂರು ಸಲ ನಿಂತೆ. ಆಚಾರಿಗೆ ಕಂಪ್ಯೂಟರ್ ಬರುವುದಿಲ್ಲ ಎಂದ. ವೀಸಾ ನವೀಕರಣವಾಗಲಿಲ್ಲ.

ಅವರು ಹೊರಡುವ ದಿನ ಮಧ್ಯಾಹ್ನ ಕೆಲಸಗಾರರ ಕ್ಯಾಂಪಿನಲ್ಲಿದ್ದ ಅವರ ಕೋಣೆಗೆ ಹೋದೆ. ಒಂದು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಒಳಗೆ ಅವರ ಕೀಸುಳಿ, ಉಳಿಗಳು, ಅಪ್ಪಿಗೆ ಒಂದು ಸೀರೆ. ಕೂರಿ ಎಂದರು, ಆದರೆ ನನ್ನ ಮುಖ ನೋಡಲಿಲ್ಲ. ನಾನು ಹಾವಿನ ಹೆಸರಲ್ಲಿ ಬಂದು ತಮ್ಮನ್ನು ಹಿಡಿದುಕೊಟ್ಟವನು ಎಂದು ಕ್ಯಾಂಪಿನಲ್ಲಿ ಎಲ್ಲರಿಗೂ ಹೇಳಿದ್ದರಂತೆ. ಆ ಒಂದು ಅಪವಾದ ಹೊತ್ತುಕೊಂಡು ಇರಲು ನನಗೆ ಆಗುತ್ತಿರಲಿಲ್ಲ. ಅವರು ವಿಮಾನ ಹತ್ತುವ ಮೊದಲು ಹೇಗಾದರೂ ಮಾಡಿ ನಂಬಿಸಬೇಕಿತ್ತು.

"ಆಚಾರ್ರೇ, ನಾನು ನಿಮ್ಮನ್ನು ಹಿಡಿಯೋಕೆ ಬಂದವನಲ್ಲ. ನಿಮಗೆ ಕೆಮ್ಮಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ನೀವು ಹಿಂದೆ ಹೋಗಿ ನಲ್ಲಿ ತಿರುಗಿಸಿದರೆ ಕುಡಿಯುತ್ತಿದ್ದೀರಿ ಅಂದುಕೊಂಡಿದ್ದೆ. ಧೂಳು ಧೂಳು ಅಂತ ನಾನು ಬಡಕೊಂಡದ್ದೆಲ್ಲ ಆ ಹಾವಿಗೋಸ್ಕರ. ನನ್ನ ಮಗಳ ಮೇಲಾಣೆ, ನಿಮ್ಮ ಯೋಚನೆಯೇ ನನಗೆ ಬಂದಿರಲಿಲ್ಲ."

ಹಗ್ಗದ ಮೇಲಿನ ಕೈ ನಿಂತಿತು. ಅವತ್ತು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು. ಕಣ್ಣಲ್ಲಿ ಅಷ್ಟು ದಿನ ಇದ್ದ ಅನುಮಾನ ಇರಲಿಲ್ಲ.

"ಹೌದಾ ಸಾರ್," ಎಂದರು ಮೆಲ್ಲಗೆ. "ಬರೀ ಹಾವಿಗೋಸ್ಕರ. ಹಾಗಾದ್ರೆ ನಂಬಿದೆ."

ಮತ್ತೆ ಬಗ್ಗಿ ಗಂಟು ಹಾಕತೊಡಗಿದರು. ಗಂಟು ಗಟ್ಟಿಯಾಯಿತೇ ಎಂದು ಎಳೆದು ನೋಡಲಿಲ್ಲ. ನಾನು ಬೇಡಿಕೊಂಡು ಬಂದದ್ದು ಅದೇ ಮಾತನ್ನು. ಅದು ಸಿಕ್ಕ ಮೇಲೆ ಆ ಕೋಣೆಯಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ.